ಪೆನ್ಸಿಲ್ಲಿನಲ್ಲಿ ಬರೆದ ಹೆಬ್ಬಾತು

ಕಳೆದ ವರ್ಷ, ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಎಂಟೂಕಾಲಿಗೆ, ಕಡಬದ ಕೆರೆಯಲ್ಲಿ ನಾನು ಕಣ್ಣಾರೆ ಕಂಡ ಪಟ್ಟೆತಲೆ ಹೆಬ್ಬಾತನ್ನು ನನ್ನ ಇಬ್ಬರು ಗೆಳೆಯರು ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. ಡಿಸೆಂಬರಿನಲ್ಲಿ ರಬ್ಬರಿನಿಂದ ಅಳಿಸಿದರು. ನನಗಾದ ಅನ್ಯಾಯ ಇಷ್ಟೇ. ಇಷ್ಟೇನಾ ಎಂದು ನೀವು ನಗಬಾರದೆಂದು ಉಳಿದದ್ದನ್ನೂ ಬರೆಯುತ್ತಿದ್ದೇನೆ.

ನಾವು ಮೂವರು. ನಂಜುಂಡಪ್ಪನವರು ತುಮಕೂರಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತರಾದವರು. ನಮ್ಮ ಹಕ್ಕಿಪಟ್ಟಿಯ ನೋಟ್‌ಬುಕ್ಕು ಅವರ ವಶದಲ್ಲಿದೆ. ಗಂಗಣ್ಣ ಗುಬ್ಬಿ ಕಡೆಯ ತೆಂಗಿನ ತೋಟದವನು. ಕಾರೂ ಅವನದೇ, ಕುಹಕವೂ ಅವನದೇ. ನಾನು ಸರ್ವೆ ಇಲಾಖೆಯಲ್ಲಿ ಆಯುಷ್ಯ ಸವೆಸಿದವನು. ನಮ್ಮ ಪಟ್ಟಿಗೊಂದು ನಿಯಮವಿದೆ: ಒಬ್ಬನೇ ಕಂಡ ಹಕ್ಕಿ ಪೆನ್ಸಿಲ್ಲಿನಲ್ಲಿ, ಎರಡನೆಯವನೂ ಕಂಡರೆ ಅದರ ಮೇಲೆ ಇಂಕು. ವರ್ಷ ತುಂಬುವುದರೊಳಗೆ ಇಂಕು ಕಾಣದ ಹಕ್ಕಿ ರಬ್ಬರಿನ ಪಾಲು.

ಅಂದು ಅವರಿಬ್ಬರೂ ಏರಿಯ ಮೇಲಿನ ಹೊಂಗೆಯ ನೆರಳಿನಲ್ಲಿ ಇಡ್ಲಿಯ ಡಬ್ಬಿ ಬಿಚ್ಚಿ ಕುಳಿತಿದ್ದರು. ನಾನು ನಲವತ್ತು ಹೆಜ್ಜೆ ಆಚೆ, ತೂಬಿನ ಬಳಿ ನಿಂತಿದ್ದೆ. ಚುಕ್ಕೆಕೊಕ್ಕಿನ ಬಾತುಗಳ ನಡುವೆ ಬೂದುಮೈ, ಬಿಳಿಯ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಕೂಗಿದೆ. "ಚಟ್ನಿ ಮುಗೀಲಿ ಸಾರ್, ಬಂದೆ. ಹಕ್ಕಿ ಎಲ್ಲೋಯ್ತದೆ?" ಎಂದು ಗಂಗಣ್ಣ ಕೂತಲ್ಲಿಂದಲೇ ಕೇಳಿದ. ಹಕ್ಕಿ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಅದಕ್ಕೆ ರೆಕ್ಕೆಯಿದೆ. ಹೋಯಿತು.

ಈ ನಿಯಮವನ್ನು ಯಾರು ಮಾಡಿದರೆಂದು ನೀವು ಕೇಳುತ್ತೀರಿ. ಕೇಳದಿದ್ದರೆ ಚೆನ್ನಾಗಿತ್ತು. ಮಹಜರಿಗೆ ಇಬ್ಬರು ಪಂಚರ ರುಜುವಿಲ್ಲದೆ ಒಂದು ಗಡಿಕಲ್ಲನ್ನೂ ನಂಬದ ನನ್ನ ಬುದ್ಧಿ ಅದನ್ನು ಮಾಡಿತು. ಹುತ್ರಿದುರ್ಗದ ನೆತ್ತಿಯಲ್ಲಿ ತಾನೊಬ್ಬನೇ ರಣಹದ್ದು ಕಂಡೆನೆಂದು ಗಂಗಣ್ಣ ಸಾಧಿಸಿದ ದಿನ, ಆ ಹದ್ದನ್ನು ಪೆನ್ಸಿಲ್ಲಿಗೆ ಇಳಿಸಲೆಂದೇ ಮಾಡಿದ್ದು. ನಾನು ಮಾಡಿದ ಅಳತೆಗೋಲಿನಿಂದ ನನ್ನನ್ನೇ ಅಳೆಯುವ ಅವಕಾಶಕ್ಕೆ ಅವನು ಆರು ವರ್ಷ ಕಾದಿದ್ದ. ಮರೆಯದಿರುವ ವಿದ್ಯೆ ನನಗೊಬ್ಬನಿಗೇ ಒಲಿದದ್ದಲ್ಲ.

ಆದರೆ ಅವಮಾನಕ್ಕಿಂತ ದೊಡ್ಡ ಸಂಕಟ ಜೂನ್ ತಿಂಗಳಿನಲ್ಲಿ ಬಂತು. ಕಣ್ಣಿನ ಡಾಕ್ಟರಮ್ಮ ನನ್ನ ಬಲಗಣ್ಣಿಗೆ ದೀಪ ಹಿಡಿದು, "ಇಷ್ಟು ಪೊರೆ ಇಟ್ಕೊಂಡು ಇಷ್ಟು ದಿನ ಏನ್ ನೋಡ್ತಿದ್ರಿ?" ಎಂದರು. ಪೊರೆ ತೆಗೆಸಿಕೊಂಡೆ. ಗೆಳೆಯರಿಗೆ ಕುಣಿಗಲ್ಲಿನ ತಂಗಿಯ ಮನೆಯಲ್ಲಿದ್ದೇನೆಂದು ಫೋನಿನಲ್ಲಿ ಸುಳ್ಳು ಹೇಳಿದೆ. ಡಾಕ್ಟರಮ್ಮನ ಪ್ರಶ್ನೆ ಮಾತ್ರ ನನ್ನೊಳಗೆ ಉಳಿಯಿತು. ಹೆಬ್ಬಾತು ಸುಳ್ಳಾದರೆ ಅದಕ್ಕೆ ಹಿಂದಿನ ಮಿಂಚುಳ್ಳಿ, ಹೆಜ್ಜಾರ್ಲೆಗಳ ಗತಿಯೇನು? ಈ ಚಳಿಗಾಲದಲ್ಲೂ ಅದು ಕಾಣದಿದ್ದರೆ ದುರ್ಬೀನನ್ನು ನಂಜುಂಡಪ್ಪನವರಿಗೆ ಕೊಟ್ಟು, ಮುಂದೆ ಮನೆಯಲ್ಲೇ ಕೂರುವುದೆಂದು ನಿಶ್ಚಯಿಸಿದೆ.

ಹೋದ ವಾರ ಮೂವರೂ ಮತ್ತೆ ಕಡಬಕ್ಕೆ ಹೋದೆವು. ಕಾರಿನಿಂದ ಇಳಿದು ಐದು ನಿಮಿಷವಾಗಿರಲಿಲ್ಲ, "ಹೆಬ್ಬಾತು!" ಎಂದು ನಾನು ಕಿರುಚಿದೆ. ಅವರಿಬ್ಬರೂ ಓಡಿಬಂದು ದುರ್ಬೀನು ಏರಿಸಿದರು. ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡ ಖಾಲಿ ಸಿಮೆಂಟ್ ಚೀಲ ಗಾಳಿಗೆ ತಲೆಯಾಡಿಸುತ್ತಿತ್ತು.

"ಬರ್ಕೊಳಿ ಮೇಷ್ಟ್ರೇ," ಎಂದ ಗಂಗಣ್ಣ, "ಈ ಸಲ ಮೂವರೂ ಕಂಡಿದೀವಿ. ಇಂಕಲ್ಲೇ ಬರೀರಿ."

ನಾನು ದುರ್ಬೀನಿನ ಪಟ್ಟಿಯನ್ನು ಕತ್ತಿನಿಂದ ತೆಗೆಯತೊಡಗಿದ್ದೆ. ಆಗ ಎಮ್ಮೆಯನ್ನು ನೀರಿಗೆ ಬಿಟ್ಟು ಏರಿಯ ಮೇಲೆ ನಿಂತಿದ್ದ ಹೆಂಗಸು (ಹೆಸರು ಹೊನ್ನಮ್ಮ ಎಂದು ಆಮೇಲೆ ತಿಳಿಯಿತು) ನಮ್ಮ ಗದ್ದಲಕ್ಕೆ ಇತ್ತ ತಿರುಗಿದಳು.

"ಏನ್ ಹುಡುಕ್ತಿದೀರ ಸಾಮಿ? ತಲೆ ಮ್ಯಾಲೆ ಎರಡು ಕರೀ ಪಟ್ಟೆ ಇರೋ ಬಾತಾ? ಹೋದ್ ವರ್ಸ ಒಂಟಿಯಾಗಿ ಬಂದಿತ್ತಲ್ಲ, ಸಂಕ್ರಾಂತಿ ಆಗಿ ಮೂರ್ನಾಕು ದಿನಕ್ಕೆ. ನಮ್ಮೆಮ್ಮೆ ಕರ ಹಾಕಿದ್ ವಾರ. ಭತ್ತದ ಪೈರೆಲ್ಲ ಮೇದಾಕ್ಬುಡ್ತು, ಅದರ ಮನೆ ಹಾಳಾಗ. ಈ ಸಲ ಸಂಸಾರ ಕರ್ಕೊಂಡ್ ಬಂದದೆ. ಅಗೋ, ಆ ದಿಬ್ಬದ ಆಚೆ."

ಮೂರು ದುರ್ಬೀನುಗಳು ಒಟ್ಟಿಗೆ ದಿಬ್ಬದತ್ತ ಹೊರಳಿದವು. ಬೂದುಮೈ, ಬಿಳಿಯ ತಲೆ, ಎರಡು ಪಟ್ಟೆ. ಎಂಟು ಎಂದು ಎಣಿಸಿ ಹೇಳಿದೆ. ಗಂಗಣ್ಣ ದುರ್ಬೀನು ಇಳಿಸದೆ, ಕುಹಕದ ಸುಳಿವೂ ಇಲ್ಲದೆ, "ಎಂಟಲ್ಲ ಸಾರ್, ಒಂಬತ್ತು. ಒಂದು ನೀರಲ್ಲಿದೆ," ಎಂದ.

ನಂಜುಂಡಪ್ಪನವರು ಪೆನ್ನು ತೆಗೆದರು. ಆದರೆ ಈ ವರ್ಷದ ಇಂಕಿನಿಂದ ಹೋದ ವರ್ಷದ ಅಳಿಸಿದ ಗುರುತು ತುಂಬುವುದಿಲ್ಲ. ಹೊನ್ನಮ್ಮನ ಸಾಕ್ಷಿಯನ್ನು ನಾನು ಎತ್ತಿದೆ. "ಆಕೆ ನಮ್ಮ ಗುಂಪಿನವರಲ್ವಲ್ರೀ," ಎಂದು ಅವರು ರಾಗ ತೆಗೆದರು.

"ಬುಡಿ ಮೇಷ್ಟ್ರೇ," ಎಂದ ಗಂಗಣ್ಣ. "ಕೆರೆ ಆಯಮ್ಮಂದು. ಬಂದುಹೋಗೋ ನೆಂಟರು ನಾವು."

ರಬ್ಬರು ಉಜ್ಜಿ ಮಾಸಿದ ಜಾಗದಲ್ಲೇ ಹೋದ ವರ್ಷದ ನನ್ನ ಒಂಟಿ ಹೆಬ್ಬಾತು ನೀಲಿ ಇಂಕಿನಲ್ಲಿ ಬಂದು ಕುಳಿತಿತು. ನನ್ನ ಮೈಯಿಂದ ಒಂದು ಮೂಟೆ ಇಳಿದಂತಾಯಿತು. ಪೊರೆ ಕವಿದಿದ್ದರೂ ಆ ಕಣ್ಣು ಸುಳ್ಳು ಹೇಳಿರಲಿಲ್ಲ. ಇಡ್ಲಿಯ ಡಬ್ಬಿ ಬಿಚ್ಚಿದಾಗ ಆಪರೇಷನ್ನಿನ ಸಂಗತಿಯನ್ನು ನಾನೇ ಒಪ್ಪಿಕೊಂಡೆ. "ಗೊತ್ತಿತ್ತು ಬುಡಿ," ಎಂದು ಗಂಗಣ್ಣ ನನ್ನ ತಟ್ಟೆಗೆ ಚಟ್ನಿ ಸುರಿದ. "ತಂಗಿ ಮನೇಲಿರೋರು ತುಮಕೂರಿನ ಮೆಡಿಕಲ್ ಶಾಪ್ ಮುಂದೆ ಕರೀ ಕನ್ನಡಕ ಹಾಕ್ಕೊಂಡು ನಿಂತಿರ್ತಾರಾ? ಅದಿರ್ಲಿ, ನನ್ ರಣಹದ್ದಿನ ಕತೆ ಏನು?"

ಅದು ಬೇರೆ ಪ್ರಕರಣ. ಅಂದು ಗಂಗಣ್ಣ ನೆತ್ತಿಯಿಂದ ಕೂಗಿ ಕರೆದರೂ ಹುತ್ರಿದುರ್ಗದ ಕೊನೆಯ ಮೆಟ್ಟಿಲುಗಳನ್ನು ಹತ್ತದೆ ಮಂಡಿನೋವೆಂದು ಬಂಡೆಯ ನೆರಳಿನಲ್ಲಿ ಕುಳಿತವನು ನಾನೇ ಆದುದರಿಂದ, ಮುಂದಿನ ಪ್ರಶ್ನೆಯನ್ನು ನನ್ನನ್ನೂ ಸೇರಿಸಿಕೊಂಡೇ ಕೇಳುತ್ತೇನೆ. ನನ್ನ ಮಾತು ನಿಜವೆಂದು ತೋರಿಸಲು ಆ ಹಕ್ಕಿ ಉಸಿರಾಡಲೂ ಗಾಳಿ ಸಾಲದ ಎತ್ತರದಲ್ಲಿ ಹಿಮಾಲಯವನ್ನು ದಾಟಿ ಹೋಗಿ, ಮತ್ತೆ ದಾಟಿ, ಸಂಸಾರಸಮೇತ ಬಂತು. ಅಂದು ಗೆಳೆಯನೊಬ್ಬ ಕೂಗಿ ಕರೆದಾಗ, ಮಹನೀಯರೇ, ಇಡ್ಲಿ ಬಿಟ್ಟು ನಲವತ್ತು ಹೆಜ್ಜೆ ಬರಲು ನಿಮಗೇನಾಗಿತ್ತು?