ಒಗೆಯದೆ ಇಟ್ಟ ಬಟ್ಟೆ

ಮಗನಿಗೆ ಬಟ್ಟೆ ಒಗೆಯುವುದನ್ನು ಕಲಿಸಿದ್ದಕ್ಕೆ ಅಜ್ಜಿ ನೆಂಟರಿಂದ ಕೇಳಿದ ಮಾತು ಒಂದೆರಡಲ್ಲ. ಸೊಸೆ ಬಸ್ಸು ಓಡಿಸುವುದು, ಮಗ ಮನೆ ನೋಡಿಕೊಳ್ಳುವುದು ಎಂದಾದ ಮೇಲಂತೂ ತಂಗಿ ಬಂದಾಗಲೆಲ್ಲ ಚುಚ್ಚುತ್ತಿದ್ದಳು. "ಅಕ್ಕಾ, ಮಗನಿಗೆ ಬಳೆ ಯಾವಾಗ ತೊಡಿಸ್ತೀಯ?"

"ನಿನ್ನ ಗಂಡ ಪೊರಕೆ ಹಿಡಿದ ದಿನ ಹೇಳು, ಇಬ್ರಿಗೂ ಒಟ್ಟಿಗೇ ತೊಡಿಸೋಣ."

ಆ ದಿನ ಬೆಳಿಗ್ಗೆಯಿಂದ, ಇನ್ನೂ ವರ್ಷ ತುಂಬದ ಮೊಮ್ಮಗಳು ಇದ್ದಕ್ಕಿದ್ದಂತೆ ಕಾಲು ಮಡಚಿಕೊಂಡು ಕಿರುಚುತ್ತಿದ್ದಳು. ಮರುಗಳಿಗೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತಿದ್ದಳು. ಹಲ್ಲು ಬರುತ್ತಿರಬೇಕು ಎಂದರು ಪಕ್ಕದ ಮನೆಯವರು. ಮಗು ಬಾಡಿದ ಸೊಪ್ಪಿನಂತೆ ಜೋತುಬಿದ್ದಾಗ ಅಜ್ಜಿಯೂ ಮಗನೂ ಅದನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದರು. ಸೊಸೆ ಡಿಪೋದಿಂದ ಖಾಕಿಯಲ್ಲೇ ಬಂದಳು.

ಡಾಕ್ಟರಮ್ಮ ನೇರವಾಗಿ ಸೊಸೆಯನ್ನೇ ಕೇಳಿದರು. "ನೋವು ಬಿಟ್ಟು ಬಿಟ್ಟು ಬರುತ್ತಾ? ಮೋಷನ್ ಹೇಗಿತ್ತು?"

"ನಾನು ಡ್ಯೂಟೀಲಿದ್ದೆ ಮೇಡಂ..."

"ತಾಯಿಗೇ ಗೊತ್ತಿಲ್ವಾ?" ಎಂದಳು ನರ್ಸು. ಸೊಸೆಯ ಮುಖ ಚಿಕ್ಕದಾಯಿತು.

ಅಜ್ಜಿಗೆ ರೇಗಿತು. "ತಂದೆಗೆ ಗೊತ್ತಿದೆಯಲ್ಲಮ್ಮ. ಅವನನ್ನ ಕೇಳಿ."

ಮಗ ಹೇಳಿದ: ನೋವು ಬಂದು ಬಂದು ಹೋಗುತ್ತಿದೆ, ಕುಡಿದ ಹಾಲೆಲ್ಲ ಕಕ್ಕಿದೆ. ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದ. "ಈ ಲಂಗೋಟಿ ಮಾತ್ರ ಒಗೀಲಿಲ್ಲ. ಕೆಂಪಗೆ ಲೋಳೆ ಲೋಳೆ ಇತ್ತು. ನಿಮಗೆ ತೋರಿಸೋಣ ಅಂತ ಇಟ್ಕೊಂಡೆ."

ನರ್ಸು ಮೂಗು ಮುಚ್ಚಿಕೊಂಡಳು. ಡಾಕ್ಟರಮ್ಮ ಬಗ್ಗಿ ನೋಡಿದರು, ಮಗುವಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. ಕೈಗೆ ಗಂಟೊಂದು ಸಿಕ್ಕಿತು.

"ಕರುಳು ಕರುಳಿನೊಳಗೇ ನುಗ್ಗಿದೆ ಅನ್ಸುತ್ತೆ, ಅಂಗಿ ತೋಳು ಒಳಕ್ಕೆ ಸಿಕ್ಕಿಕೊಳ್ಳುತ್ತಲ್ಲ, ಹಾಗೆ. ತಡ ಮಾಡಿದ್ರೆ ಆ ಭಾಗ ಸತ್ತೇ ಹೋಗುತ್ತೆ. ಈಗಲೇ ಸ್ಕ್ಯಾನ್!"

ಸ್ಕ್ಯಾನೂ ಅದನ್ನೇ ಹೇಳಿತು. ಮಗುವನ್ನು ಒಳಗೆ ಕರೆದೊಯ್ದರು. ಹೊರಗೆ ಬೆಂಚಿನ ಮೇಲೆ ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ಕುಳಿತರು.

ಕೊನೆಗೆ ಡಾಕ್ಟರಮ್ಮ ನಗುತ್ತಾ ಬಂದರು. "ಕೆಳಗಿಂದ ಗಾಳಿ ತುಂಬಿ ಕರುಳನ್ನ ಹಿಂದಕ್ಕೆ ತಳ್ಳಿದ್ವಿ. ಆಪರೇಷನ್ ಬೇಡ. ಇವತ್ತೊಂದು ದಿನ ಇಲ್ಲೇ ಇರಲಿ. ಎಂಥಾ ತಂದೆ ರೀ ಇವರು! ನೂರಕ್ಕೊಬ್ರು!"

ಅಜ್ಜಿಯ ಎದೆ ಉಬ್ಬಿತು. ಹೆತ್ತ ಮಕ್ಕಳ ಒಂದೊಂದು ಬಟ್ಟೆಯನ್ನೂ ನೋಡಿಯೇ ನೀರಿಗೆ ಹಾಕಿದವಳು ಅವಳು. ಅವಳನ್ನು ಮಾತ್ರ ಯಾರೂ ನೂರಕ್ಕೊಬ್ಬಳು ಎಂದಿರಲಿಲ್ಲ.

"ಹೊಗಳಿ ಮೇಡಂ, ಬೇಡ ಅನ್ನಲ್ಲ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ನೂರಕ್ಕೊಬ್ಬ ಅನ್ಬೇಡಿ. ಕಲಿಸಿದ್ರೆ ನೂರಕ್ಕೆ ನೂರೂ ಕಲೀತಾವೆ. ಇವನಿಗೆ ನಾನು ಕಲಿಸಿದ್ದು."

ಅಷ್ಟರಲ್ಲಿ ಮಗ ಒಳಗೆ ಹೋಗಿ ಆಗಲೇ ಮಗುವಿಗೆ ಬೇರೆ ಲಂಗೋಟಿ ಕಟ್ಟುತ್ತಿದ್ದ. ಖಾಕಿಯ ಸೊಸೆ ಪಕ್ಕದಲ್ಲಿ ಪಿನ್ನು ಹಿಡಿದು ನಿಂತಿದ್ದಳು.