ಗೋಲ್‌ಕೀಪರನ ಡಬ್ಬಿ

ಹಳೆಯ ಆಟಗಾರರ ಗೊಂಬೆಗಳನ್ನು ಕೂಡಿಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಗೊಂಬೆ ಬಿಟ್ಟು, ಅದು ಬಂದ ಡಬ್ಬಿಯ ಹಿಂದೆ ಬಿದ್ದವರು ಡಬ್ಬಿಮಾಮ ಒಬ್ಬರೇ. ಅವರಿಗೆ ಕೆಲಸವೂ ರಟ್ಟಿನ ಡಬ್ಬಿಯ ಕಾರ್ಖಾನೆಯಲ್ಲಿ. ದಿನವಿಡೀ ಚಪ್ಪಲಿ ಡಬ್ಬಿ, ಬಲ್ಬಿನ ಡಬ್ಬಿ ಕತ್ತರಿಸಿ ಮಡಚಿ ಮನೆಗೆ ಬಂದರೆ ಇಲ್ಲೂ ಡಬ್ಬಿಯೇ. "ನನ್ನೂ ಒಂದು ಡಬ್ಬೀಲಿಟ್ಟು ಕೊಟ್ಟಿದ್ರೆ ಇನ್ನೂ ಚೆನ್ನಾಗಿ ನೋಡ್ಕೋತಿದ್ರಿ" ಎಂದು ಹೆಂಡತಿ ಚುಚ್ಚಿದರೆ ನಕ್ಕುಬಿಡುತ್ತಿದ್ದರು.

ಚಿಕ್ಕಂದಿನಲ್ಲಿ ಅಪ್ಪ ಅವರಿಗೆ ಹನ್ನೊಂದು ಫುಟ್‌ಬಾಲ್ ಆಟಗಾರರ ಗೊಂಬೆ ತಂದುಕೊಟ್ಟಿದ್ದರು. ಒಂದೊಂದಕ್ಕೂ ಒಂದೊಂದು ಡಬ್ಬಿ, ಮುಂದೆ ತೆಳು ಹಾಳೆಯ ಕಿಟಕಿ. ಹುಡುಗಬುದ್ಧಿ, ಗೊಂಬೆಗಳನ್ನಷ್ಟೇ ಜೋಪಾನವಾಗಿಟ್ಟುಕೊಂಡು ಡಬ್ಬಿಗಳನ್ನೆಲ್ಲ ಹರಿದು ಎಸೆದಿದ್ದರು. ತಲೆ ನರೆತ ಮೇಲೆ ಅದೇ ಬಗೆಯ ಡಬ್ಬಿಗಳಿಗಾಗಿ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಹತ್ತನ್ನು ಸಂಪಾದಿಸಿದ್ದರು. ಹನ್ನೊಂದನೆಯದು, ಗೋಲ್‌ಕೀಪರನದು, ಹುಡುಕುವ ಅಗತ್ಯವೇ ಇರಲಿಲ್ಲ. ಅಪ್ಪ ತಂದದ್ದರಲ್ಲಿ ಉಳಿದ ಆ ಒಂದೇ ಡಬ್ಬಿ ಅಕ್ಕನ ಹೊಲಿಗೆ ಮಿಷನ್ನಿನ ಮೇಲೆ ದಾರದ ಉಂಡೆ ತುಂಬಿಕೊಂಡು ಕೂತಿತ್ತು.

"ಅಕ್ಕಾ, ಅದನ್ನ ನಂಗೆ ಕೊಡೇ."

"ಕೊಟ್ಟು? ದಾರಾನ ನಿನ್ನ ತಲೆ ಮೇಲೆ ಇಡ್ಲಾ?"

ಹೋದಾಗಲೆಲ್ಲ ಇದೇ ಮಾತು. ಕೊನೆಗೆ ಡಬ್ಬಿಮಾಮ ಕಳ್ಳದಾರಿ ಹಿಡಿದರು. ಅಕ್ಕನ ಕಣ್ಣು ತಪ್ಪಿಸಿ ಅಳತೆ ತೆಗೆದುಕೊಂಡು, ಅಂಥದ್ದೇ ಇನ್ನೊಂದನ್ನು ಮಾಡಿದರು. ಚಹಾದ ನೀರು ಸವರಿ ಮಾಸಿಸಿದರು, ಮೂಲೆಗಳನ್ನು ತಿಕ್ಕಿ ಸವೆಸಿದರು, ಬದಿಯ ಎಣ್ಣೆಕಲೆಯನ್ನೂ ಬಿಡಲಿಲ್ಲ. ಒಂದು ಸಂಜೆ ಅಕ್ಕ ಒಳಗೆ ಹೋದ ಹೊತ್ತು ನೋಡಿ ದಾರವನ್ನು ಹೊಸದಕ್ಕೆ ಸುರಿದು ಹಳೆಯದನ್ನು ಚೀಲಕ್ಕೆ ಹಾಕಿಕೊಂಡರು. ದಾರಿಯುದ್ದಕ್ಕೂ ಅವರ ಮುಖ ಊರಗಲವಾಗಿತ್ತು.

ಮರುದಿನ ಬೆಳಗ್ಗೆ ಅಕ್ಕ ಬಾಗಿಲಲ್ಲಿದ್ದಳು. ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಇದು ಯಾರದ್ದೋ?"

"ನಿಂದೇ ಅಲ್ವಾ ಅಕ್ಕ?"

"ನನ್ನ ಡಬ್ಬಿ ಮುಚ್ಚಳ ಯಾವತ್ತಾದ್ರೂ ನೆಟ್ಟಗೆ ಮುಚ್ಕೊಂಡಿತ್ತಾ? ಇದು ಟಪ್ ಅಂತ ಕೂತ್ಕೊಳ್ಳುತ್ತೆ."

ಕಲೆ, ಸವಕಲು ಎಲ್ಲ ಸರಿಯಾಗಿ ಬಂದಿತ್ತು. ಆದರೆ ಸೊಟ್ಟ ಮುಚ್ಚಳ ಮಾಡಲು ಜೀವಮಾನವಿಡೀ ಡಬ್ಬಿ ಮಡಚಿದ ಕೈ ಒಪ್ಪಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಡಬ್ಬಿಮಾಮ ತಡವರಿಸಿದರು. "ದಾರಕ್ಕೆ ಇದೇ ಗಟ್ಟಿ ಅಕ್ಕ. ಅದು ಅಪ್ಪ ತಂದಿದ್ದು, ಅದಕ್ಕೇ..."

"ನಂಗೂ ಅವರು ಅಪ್ಪಾನೇ ಕಣೋ. ನಿಂಗೆ ಹನ್ನೊಂದು ಗೊಂಬೆ ತಂದ್ರು. ಅವತ್ತು ನಂಗೇನು ತಂದ್ರು, ಹೇಳು?"

ಡಬ್ಬಿಮಾಮ ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಏನೂ ಬರಲಿಲ್ಲ.

"ನೀನು ಹರಿದು ಬಿಸಾಕಿದ್ರಲ್ಲಿ ಒಂದು ಚೂರು ನೆಟ್ಟಗಿದ್ದಿದ್ದನ್ನ ಎತ್ತಿಟ್ಕೊಂಡೆ. ಕಿಟಕಿ ಇತ್ತಲ್ಲ, ಅದೇ ಮನೆ ಅಂತ ಆಡ್ಕೋತಿದ್ದೆ. ಒಳಗೆ ಯಾರೂ ಇರ್ಲಿಲ್ಲ, ಅಷ್ಟೇ."

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಡಬ್ಬಿಮಾಮನಿಗೆ ಎಷ್ಟೋ ಹಗುರಾಗುತ್ತಿತ್ತು. ಇಷ್ಟು ವರ್ಷ ತನಗೆ ಇದು ಹೊಳೆಯಲೇ ಇಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಎದ್ದು ಕಪಾಟಿನಿಂದ ಆ ಡಬ್ಬಿ ತಂದರು. ರಾತ್ರಿಯೇ ಅದರೊಳಗೆ ಸೇರಿದ್ದ ಗೋಲ್‌ಕೀಪರ್ ಎರಡೂ ಕೈ ಚಾಚಿ ನಿಂತಿದ್ದ. ಅವನನ್ನು ಹೊರಗೆ ತೆಗೆಯದೆ ಹಾಗೇ ಅಕ್ಕನ ಕೈಗಿಟ್ಟರು.

ಅಕ್ಕ ಕಿಟಕಿಯಲ್ಲಿ ಇಣುಕಿದಳು. ತುಂಬಾ ಹೊತ್ತು ನೋಡಿದಳು. "ಇವನನ್ನ ಒಂದು ಸಲ ಮುಟ್ಟೋಕೂ ಬಿಟ್ಟಿರ್ಲಿಲ್ಲ ನೀನು" ಎಂದು ಕಣ್ಣೊರೆಸಿಕೊಂಡು ನಕ್ಕಳು. "ದಾರ ಎಲ್ಲಿಡ್ಲಿ ಈಗ?"

"ಆ ಹೊಸದ್ರಲ್ಲಿ ಇಡು. ಮುಚ್ಚಳ ಗಟ್ಟಿಯಾಗಿದೆ."

ಈಗ ಕಪಾಟಿನಲ್ಲಿ ಹತ್ತೇ ಜನ, ಪಕ್ಕದಲ್ಲೊಂದು ಖಾಲಿ ಜಾಗ. ಅಲ್ಲಿ ಬೇರೇನನ್ನೂ ಇಡಲು ಡಬ್ಬಿಮಾಮ ಬಿಡುವುದಿಲ್ಲ. ನೋಡಲು ಬಂದವರು ಗೋಲ್‌ಕೀಪರ್ ಎಲ್ಲಿ ಎಂದು ಕೇಳಿದರೆ ಖುಷಿಯಿಂದಲೇ ಹೇಳುತ್ತಾರೆ:

"ಅವನಾ? ಅಕ್ಕನ ಮನೇಲಿದ್ದಾನೆ."