ಅಕ್ಕ ಊಟ ಬಿಟ್ಟ ಸೋಮವಾರ

ನಾನು ಚಿಕ್ಕವಳಿದ್ದಾಗ ಕುಪ್ಪಗಡ್ಡೆಯ ನಮ್ಮ ಮನೆಯ ಪಡಸಾಲೆಗೆ ಒಂದೇ ಒಂದು ಕಿಟಕಿಯಿತ್ತು. ಅದಕ್ಕೆ ಐದು ಮರದ ಸರಳುಗಳು. ಅಕ್ಕ ದೊಡ್ಡವಳಾದ ಮೇಲೆ ಹೊಸ್ತಿಲು ದಾಟುವಂತಿರಲಿಲ್ಲ. ಆ ಸರಳುಗಳ ಸಂದಿಯಲ್ಲಿ ಕಂಡಷ್ಟೇ ಅವಳ ಲೋಕ. ಬೆಳಿಗ್ಗೆ ಆನವಟ್ಟಿ ಬಸ್ಸು ಹಾರ್ನ್ ಹೊಡೆದರೆ ಅಕ್ಕ ಕೈಯಲ್ಲಿದ್ದ ಪೊರಕೆ ಬಿಟ್ಟು ಕಿಟಕಿಗೆ ಓಡುತ್ತಿದ್ದಳು. ಅವಳ ಜೊತೆ ಏಳನೇ ಕ್ಲಾಸು ಪಾಸಾದ ಹುಡುಗರು ಹೈಸ್ಕೂಲಿಗೆಂದು ಬಸ್ಸು ಹತ್ತುತ್ತಿದ್ದರು. ಅವರೆಲ್ಲರಿಗಿಂತ ಹೆಚ್ಚು ನಂಬರು ತೆಗೆದವಳು ನಮ್ಮಕ್ಕ. ಬಸ್ಸಿನ ಸದ್ದು ಅಡಗುವವರೆಗೂ ಸರಳು ಹಿಡಿದು ನಿಂತಿರುತ್ತಿದ್ದಳು. ಅಪ್ಪ ಕೆಟ್ಟವನಲ್ಲ ಮಕ್ಕಳೇ. ಆದರೆ "ಓದಿದ್ದು ಸಾಕು" ಎಂದು ಒಮ್ಮೆ ಹೇಳಿದ್ದ. ಅಪ್ಪ ಕೇಳದೆ ಅವನೆದುರು ಬಾಯಿ ತೆರೆಯುವ ಧೈರ್ಯ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇರಲಿಲ್ಲ.

ಆ ವರ್ಷ ನಮ್ಮ ಶಾಲೆಯ ಕಪಾಟಿಗೆ ಗೆದ್ದಲು ಹಿಡಿಯಿತು. ಮೇಷ್ಟ್ರು ಹಳೆಯ ಪುಸ್ತಕಗಳನ್ನೆಲ್ಲ ಹೊರಗೆ ತೆಗೆದರು. ಅದರಲ್ಲೊಂದು ದಪ್ಪ ಇಂಗ್ಲಿಷ್ ಪುಸ್ತಕ. ಮೇಷ್ಟ್ರೇ ಇನ್ನೂ ಹುಟ್ಟಿರದ ಕಾಲದಲ್ಲಿ ಸ್ಕಾಟ್ಲೆಂಡ್ ಎಂಬ ದೇಶದಲ್ಲಿ ಒಂದು ವರ್ಷ ಏನೇನು ನಡೆಯಿತೋ ಎಲ್ಲ ಅದರಲ್ಲಿತ್ತಂತೆ. ಯಾವ ಊರಿಗೆ ಯಾರು ಯಜಮಾನರಾದರು, ಯಾವ ಹಡಗು ನೀರಿಗಿಳಿಯಿತು, ಯಾವ ಬೀದಿಗೆ ಟ್ರಾಮು ಬಂತು, ಹೀಗೆ. ಅದು ನಮ್ಮೂರಿಗೆ ಹೇಗೆ ಬಂತೋ ಆ ಶಿವನೇ ಬಲ್ಲ! ಒಂದು ಪುಟದಲ್ಲಿ ಮೊರದಷ್ಟು ಅಗಲದ ಟೋಪಿ ಹಾಕಿದ ಹೆಂಗಸರಿದ್ದರು.

"ನಮಗೂ ಓಟು ಕೊಡ್ರಿ ಅಂತ ಕೇಳಿ ಜೈಲಿಗೆ ಹೋದೋರು ಕಣೇ ಇವ್ರು. ಒಳಗೆ ಹಾಕಿದ್ರೆ ಊಟಾನೇ ಬಿಟ್ಟು ಕೂತ್ರು. ಸರ್ಕಾರಕ್ಕೇ ನಡುಕ ಬಂತು" ಎಂದು ಮೇಷ್ಟ್ರು ನಕ್ಕು ಪುಸ್ತಕವನ್ನು ನನಗೇ ಕೊಟ್ಟರು.

ಭಾನುವಾರ ಸಂಜೆ ಅಕ್ಕನಿಗೆ ಅದನ್ನು ತೋರಿಸಿ, ಮೇಷ್ಟ್ರು ಹೇಳಿದ್ದನ್ನೆಲ್ಲ ಒದರಿದೆ. ಹೈಸ್ಕೂಲಿಗೆ ಸೇರಿಸಿಕೊಳ್ಳುವುದು ಮಂಗಳವಾರಕ್ಕೆ ಮುಗಿಯುತ್ತದೆ ಎಂಬ ಸುದ್ದಿಯನ್ನೂ ತಂದಿದ್ದೆ. ಮುಗ್ಗಲು ವಾಸನೆಯ ಆ ಪುಟವನ್ನು ಅಕ್ಕ ಬಹಳ ಹೊತ್ತು ನೋಡಿದಳು.

"ನಾಳೆ ನಾನು ಉಣ್ಣಲ್ಲ. ಅಪ್ಪ ಯಾಕೆ ಅಂತ ಕೇಳೇ ಕೇಳ್ತಾನೆ. ಆವಾಗ ಹೇಳ್ತೀನಿ. ಅಲ್ಲೀ ತನಕ ನೀನು ಬಾಯಿ ಬಿಡಬ್ಯಾಡ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಮರುದಿನ ಬೆಳಿಗ್ಗೆ ನೋಡಿದರೆ ಒಲೆಯೇ ಹೊತ್ತಿಲ್ಲ! ಅವ್ವ ಮನೆಯೆಲ್ಲ ಸಾರಿಸಿ ಬಿಲ್ವಪತ್ರೆ ತೊಳೆಯುತ್ತಿದ್ದಳು. ಅದು ಶ್ರಾವಣದ ಮೊದಲ ಸೋಮವಾರ. ಸಂಜೆಯ ಪೂಜೆಯಾಗುವ ತನಕ ಮನೆಮಂದಿಗೆಲ್ಲ ಉಪವಾಸ. ಶಾಲೆ ಬಿಟ್ಟು ಒಳಗೆ ಕೂತವಳಿಗೆ ಯಾವ ವಾರವಾದರೇನು? ಅಕ್ಕನಿಗೆ ಅದು ನೆನಪೇ ಇರಲಿಲ್ಲ. ನನಗಂತೂ ನಗು ಬಂತು. ಅಕ್ಕನ ಮುಖ ನೋಡಿದೊಡನೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

ಮಕ್ಕಳಿಗೆಂದು ಅವ್ವ ಹಾಲು, ಬಾಳೆಹಣ್ಣು ಕೊಟ್ಟಳು. ಅಕ್ಕ ಮುಟ್ಟಲಿಲ್ಲ. ಯಾಕೆ ಎಂದು ಕೇಳುವ ಬದಲು ಅವ್ವ ಹಿಗ್ಗಿಹೋದಳು. "ನೋಡ್ರೀ, ಹುಡುಗಿ ಹಾಲೂ ಮುಟ್ಟಿಲ್ಲ!" ಎಂದು ಬಂದವರಿಗೆಲ್ಲ ಹೇಳಿದಳು. ಪಕ್ಕದ ಮನೆಯ ಅಜ್ಜಿ ಅಕ್ಕನಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದು, "ಒಳ್ಳೇ ಗಂಡ ಸಿಗ್ತಾನವ್ವ ನಿನಗೆ" ಎಂದಳು. ಹೊಗಳಿಕೆ ಬಂದಾಗಲೆಲ್ಲ ಅಕ್ಕ ಬಾಗಿಲ ಕಡೆ ತಿರುಗಿ ಅಪ್ಪನ ದಾರಿ ನೋಡುತ್ತಿದ್ದಳು. ಅಪ್ಪ ಗದ್ದೆಯಿಂದ ಬಂದು ಎರಡು ಸಲ ಅವಳ ಮುಂದೆಯೇ ಹಾದುಹೋದ, ಯಾಕೆಂದು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ಒಣಗಿ ಬಿಳಿಚಿತ್ತು. ನನಗೋ ಹೇಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಆ ದಿನದಷ್ಟು ಉದ್ದದ ಹಗಲನ್ನು ನಾನು ಮತ್ತೆ ಕಂಡಿಲ್ಲ.

ಸಂಜೆ ತುಪ್ಪದಲ್ಲಿ ರವೆ ಹುರಿದ ಘಮ ಪಡಸಾಲೆಗೆ ಬಂತು. ಪೂಜೆ ಮುಗಿಸಿದ ಅಪ್ಪ, ಹಣೆಯ ತುಂಬ ವಿಭೂತಿ ಧರಿಸಿ, ಸಜ್ಜಿಗೆಯ ಪ್ರಸಾದವನ್ನು ಎಲ್ಲರ ಕೈಗೂ ಹಾಕುತ್ತ ಬಂದ. ಅಕ್ಕನ ಕೈ ಮುಂದೆ ಬರಲಿಲ್ಲ. ತೆಗೆದುಕೊಂಡರೆ ಉಪವಾಸ ಅಲ್ಲಿಗೆ ಮುಗಿಯಿತು. ಬೇಡವೆಂದರೆ ಶಿವನ ಪ್ರಸಾದವನ್ನೇ ತಳ್ಳಿದ ಹಾಗೆ. ಹಿಂದೆ ಗೋಡೆ, ಮುಂದೆ ಅಪ್ಪನ ಕೈ. ನನಗೆ ತಡೆಯಲಾಗಲಿಲ್ಲ.

"ಅಕ್ಕ ಉಪವಾಸ ಇರೋದು ಶಿವನಿಗಲ್ಲಪ್ಪಾ, ನಿನಗೆ! ಹೈಸ್ಕೂಲಿಗೆ ಕಳಿಸಲಿ ಅಂತ!"

ಅಪ್ಪನ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತಿತ್ತು. ಕೊನೆಗೆ ಅವನು ಮೆಲ್ಲಗೆ, "ಮೊದಲು ಪ್ರಸಾದ ತಗಾ ಮಗಾ. ನಾಳೆ ಬೆಳಿಗ್ಗೆ ಮಾತಾಡಾಣ" ಎಂದ. ಅಕ್ಕ ನಂಬಿ ಕೈಯೊಡ್ಡಿದಳು. ಅಳುತ್ತಲೇ ತಿಂದಳು.

ಮಂಗಳವಾರ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅಪ್ಪ ಗದ್ದೆಗೆ ಹೋಗಿಬಿಟ್ಟಿದ್ದ. ಬಸ್ಸು ಹಾರ್ನ್ ಹೊಡೆದು ಹೊರಟಿತು. ಅಕ್ಕ ಅವತ್ತು ಕಿಟಕಿಯ ಹತ್ತಿರ ಹೋಗಲಿಲ್ಲ. ಎರಡು ವರ್ಷಕ್ಕೆ ಅವಳಿಗೆ ಮದುವೆಯಾಯಿತು, ಶಿಕಾರಿಪುರದ ಕಡೆಗೆ ಕೊಟ್ಟರು.

ನಾನು ಏಳನೇ ಕ್ಲಾಸು ಪಾಸಾದಾಗ ಯಾರೂ ಕೇಳದೆಯೇ ಅಪ್ಪ ನನ್ನನ್ನು ಆನವಟ್ಟಿ ಬಸ್ಸು ಹತ್ತಿಸಿದ. ದಾರಿಯಲ್ಲಿ ಒಂದೇ ಮಾತು: "ನಿನ್ನಕ್ಕಗೆ ಮಾತು ಕೊಟ್ಟು ತಪ್ಪಿದೆ. ನೀನೂ ಊಟ ಬಿಡಾದು ಬ್ಯಾಡ." ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅಕ್ಕನ ಸೀಟು ಕಿತ್ತುಕೊಂಡು ಕೂತ ಹಾಗೆ ಅನಿಸಿತು.

ಈಗ ನಿಮ್ಮನ್ನು ಕರೆದೊಯ್ಯಲು ಹಳದಿ ವ್ಯಾನು ಬಾಗಿಲಿಗೇ ಬರುತ್ತದೆ, ನೀವು ಕಂಬಳಿಯೊಳಗೆ ಅಡಗುತ್ತೀರಿ. ಮೊಬೈಲು ಕಿತ್ತುಕೊಂಡರೆಂದು ತಟ್ಟೆ ತಳ್ಳುತ್ತೀರಿ, ಮನೆಯವರೆಲ್ಲ ನಿಮ್ಮ ಹಿಂದೆ ಓಡುತ್ತೇವೆ. ಮೊನ್ನೆ ಬಂದಿದ್ದ ನಿಮ್ಮ ದೊಡ್ಡಜ್ಜಿ ಮಂಡಿನೋವಿದ್ದರೂ ಎಲ್ಲರಿಗಿಂತ ಮೊದಲು ಎದ್ದು ಬಂದು, "ಯಾಕೆ ಮಗಾ ಉಣ್ಣಲಿಲ್ಲ? ಏನು ಬೇಕಾಗಿತ್ತು, ನನ್ನ ಹತ್ರ ಹೇಳು" ಎಂದು ನಿಮ್ಮ ಪಕ್ಕ ಕೂತಳಲ್ಲ, ಅವಳೇ ನನ್ನ ಅಕ್ಕ. ಆ ಸೋಮವಾರ ಬೆಳಗಿನಿಂದ ಸಂಜೆಯವರೆಗೆ ಅವಳು ಕಾದದ್ದು ಆ ಒಂದು ಮಾತಿಗೆ.